ಹಸಿ ಸೊಪ್ಪಿನ ಬಟ್ಟಲು ಮನೆಯಲ್ಲೇ ತುಂಬಲಿ: ಬಿತ್ತುವವರಿಗೆ 15 ಸೂತ್ರಗಳು

ಜೋಳದ ರೊಟ್ಟಿಯ ತಾಟಿನಲ್ಲಿ ಪಲ್ಯ, ಚಟ್ನಿಪುಡಿಗಳ ಪಕ್ಕ ಒಂದು ಹಿಡಿ ಹಸಿ ತಪ್ಪಲು ಇಡುವುದು ಉತ್ತರ ಕರ್ನಾಟಕದ ರೂಢಿ. ಎಳೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿಯ ಎಳೆ ಎಲೆ, ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಿಕೆ, ಇವನ್ನು ಒಲೆಗೆ ಹಾಕುವ ಮಾತೇ ಇಲ್ಲ. ಹಳೆ ಮೈಸೂರು ಸೀಮೆಯಲ್ಲಿ ರಾಗಿ ಹೊಲದಿಂದ ಹಲವು ಬಗೆಯ ಸೊಪ್ಪು ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಾರೆ. ಎಲೆಗಳನ್ನು ಹಸಿಯಾಗಿ ತಿನ್ನುವುದೂ ಬೆರೆಸಿ ತಿನ್ನುವುದೂ ನಮಗೆ ಹೊಸತಲ್ಲ. ಹೊಸದಾಗಿ ಬಂದಿರುವುದು ಲೆಟಿಸ್, ಅರುಗುಲಾಗಳಂಥ ನಾಲ್ಕಾರು ಎಲೆಗಳು, ಜೊತೆಗೆ ಅಂಗಡಿಯ ಪ್ಲಾಸ್ಟಿಕ್ ಡಬ್ಬಿ.

ಆ ಡಬ್ಬಿಯ ಸೊಪ್ಪು ಕೊಂಡ ಮರುದಿನವೇ ಬಾಡತೊಡಗುತ್ತದೆ. ಅದೇ ಸೊಪ್ಪನ್ನು ಬಾಲ್ಕನಿಯಲ್ಲಿ, ತಾರಸಿಯಲ್ಲಿ, ಹಿತ್ತಲಿನ ಒಂದು ಮೂಲೆಯಲ್ಲಿ ಬೀಜದಿಂದ ಬೆಳೆಯಲು ತಿಂಗಳು ಸಾಕು. ಟೊಮೆಟೊ, ಬದನೆಗಳ ಹಾಗೆ ಹೂವು ಕಾಯಿಗಾಗಿ ಕಾಯಬೇಕಿಲ್ಲ. ಎಲೆ ಮೂಡಿದರೆ ಬೆಳೆ ಬಂದಂತೆ. ಆದರೂ ಬಹಳ ಜನ ಒಂದು ಸಲ ಬಿತ್ತಿ, ಒಂದು ಸಲ ಕೊಯ್ದು, ನಿಲ್ಲಿಸಿಬಿಡುತ್ತಾರೆ. ಬಟ್ಟಲು ವರ್ಷವಿಡೀ ತುಂಬುತ್ತಿರಬೇಕಾದರೆ ಮಾಡಬೇಕಾದದ್ದು ಇಷ್ಟು.

1. ಮೊದಲು ಹವೆ, ಆಮೇಲೆ ಬೀಜ

ಸೊಪ್ಪುಗಳಲ್ಲಿ ತಂಪು ಬಯಸುವವು, ಬಿಸಿ ಬಯಸುವವು ಎಂದು ಎರಡು ಗುಂಪು. ಲೆಟಿಸ್, ಅರುಗುಲಾ, ಸಾಸಿವೆ ಸೊಪ್ಪು, ಕೊತ್ತಂಬರಿ, ಸಬ್ಬಸಿಗೆ, ಮೆಂತ್ಯ, ಮೂಲಂಗಿ ತಂಪಿನವು. ದಂಟು, ಹರಿವೆ, ಗೋಣಿ ಸೊಪ್ಪು, ಬಸಳೆ ಬಿಸಿಲಿನವು. ಪಾಲಕ್ ನಡುವಿನದು, ಹೆಚ್ಚುಕಮ್ಮಿ ಎಲ್ಲ ಕಾಲಕ್ಕೂ ಒಗ್ಗುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು, ಅದಕ್ಕಿಂತ ತುಸು ತಗ್ಗಿನ ಮೈಸೂರು, ಹಾಗೂ ಹಾಸನ, ಮಡಿಕೇರಿಯವರು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಲೆಟಿಸ್ ಧೈರ್ಯವಾಗಿ ಬಿತ್ತಬಹುದು. ಮಡಿಕೇರಿಯಂಥ ಊರಲ್ಲಿ ಮಳೆಯಿಂದ ಮರೆ ಮಾಡಿದರೆ ಇನ್ನೂ ಹೆಚ್ಚು ಕಾಲ ಸಿಗುತ್ತದೆ. ಕಲಬುರಗಿ, ರಾಯಚೂರಿನವರಿಗೆ ನವೆಂಬರ್‌ನಿಂದ ಜನವರಿವರೆಗಿನ ಕಿರು ಕಾಲ ಮಾತ್ರ. ಬೇಸಿಗೆಯಲ್ಲಿ ಅಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆಗ ಲೆಟಿಸ್‌ನ ಹಂಬಲ ಬಿಟ್ಟು ದಂಟಿಗೆ ಕೈ ಹಾಕುವುದೇ ಜಾಣತನ. ಮಂಗಳೂರು, ಉಡುಪಿ ಕಡೆ ಶತ್ರು ಬಿಸಿಲಿಗಿಂತ ಹೆಚ್ಚಾಗಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿನ ಕೆಳಗಲ್ಲದೆ ಎಳೆ ಸೊಪ್ಪು ನಿಲ್ಲದು.

ಪರದೇಶದಲ್ಲಿರುವ ಕನ್ನಡಿಗರಿಗೆ ಈ ಲೆಕ್ಕ ತಿರುಗುಮುರುಗು. ಲಂಡನ್ನಿನಲ್ಲೋ ಸಿಯಾಟಲ್‌ನಲ್ಲೋ ಲೆಟಿಸ್ ಸುಲಭ. ದಂಟಿಗೆ ಜೂನ್ ಬರುವವರೆಗೆ ಕಾಯಬೇಕು.

2. ಬಟ್ಟಲಲ್ಲಿ ಬೆರೆಸಿ, ಕುಂಡದಲ್ಲಿ ಬೆರೆಸಬೇಡಿ

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮಾರುಕಟ್ಟೆಯಲ್ಲಿ ಹಲವು ಬೀಜ ಬೆರೆಸಿದ ಪೊಟ್ಟಣಗಳು ಸಿಗುತ್ತವೆ. ಹೊರಗಿನ ಚಿತ್ರ ಚೆಂದ. ಬಿತ್ತಿದ ಮೂರನೇ ದಿನಕ್ಕೆ ಸಾಸಿವೆ ಎದ್ದು ನಿಲ್ಲುತ್ತದೆ, ಬೆನ್ನಿಗೇ ಅರುಗುಲಾ. ಲೆಟಿಸ್ ಕಣ್ಣು ಬಿಡಲು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಮೇಲೆ ಸಾಸಿವೆಯ ಅಗಲದ ಎಲೆ ಚಪ್ಪರ ಹಾಕಿರುತ್ತದೆ. ನೆರಳಿನಲ್ಲಿ ಲೆಟಿಸ್ ಬಿಳಿಚಿಕೊಂಡು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಕೊತ್ತಂಬರಿ ಬಿತ್ತಿದ್ದೇ ಮರೆತುಹೋಗಿರುತ್ತದೆ. ತಿಂಗಳು ಕಳೆದ ಮೇಲೆ ನೋಡಿದರೆ ಮಿಶ್ರ ಸೊಪ್ಪಿನ ಕುಂಡದಲ್ಲಿ ಉಳಿದಿರುವುದು ಸಾಸಿವೆಯೊಂದೇ.

ಆದ್ದರಿಂದ ನಡಿಗೆ ನೋಡಿ ಗುಂಪು ಮಾಡಿ. ಸಾಸಿವೆ, ಅರುಗುಲಾ, ಮೂಲಂಗಿ, ಮೆಂತ್ಯ ವೇಗದವು. ಎರಡರಿಂದ ಐದು ದಿನದಲ್ಲಿ ಮೊಳೆತು 20ರಿಂದ 30 ದಿನದೊಳಗೆ ಕತ್ತರಿಗೆ ಬರುತ್ತವೆ. ಲೆಟಿಸ್, ಪಾಲಕ್, ದಂಟು ನಡುವಿನವು. 30ರಿಂದ 45 ದಿನ ಕೊಡಿ. ಕೊತ್ತಂಬರಿ, ಸಬ್ಬಸಿಗೆ ನಿಧಾನದವು; ಮೊಳೆಯಲಿಕ್ಕೇ ಎಂಟರಿಂದ ಹದಿನೈದು ದಿನ. ಒಂದೊಂದು ಗುಂಪಿಗೆ ಒಂದೊಂದು ಟ್ರೇ. ಟ್ರೇಯೊಳಗೂ ಒಂದೊಂದು ಸೊಪ್ಪಿಗೆ ಒಂದೊಂದು ಸಾಲು. ಕೊಯ್ಯುವಾಗ ಎಲ್ಲದರಿಂದಲೂ ಒಂದೊಂದು ಹಿಡಿ ಕತ್ತರಿಸಿ ಬಟ್ಟಲಲ್ಲಿ ಬೆರೆಸಿ. ಎಷ್ಟು ಖಾರ, ಎಷ್ಟು ಕಹಿ, ಎಷ್ಟು ಸಪ್ಪೆ ಎಂಬ ಹದವೂ ಆಗ ನಿಮ್ಮ ಕೈಯಲ್ಲೇ ಇರುತ್ತದೆ.

3. ಬಣ್ಣದ ಬೀಜ ಬೇಡ

ಅರ್ಧ ಬೀಜ ಅಡುಗೆಮನೆಯಲ್ಲೇ ಇದೆ: ಮೆಂತ್ಯ, ಸಾಸಿವೆ, ಕೊತ್ತಂಬರಿ. ಕೊತ್ತಂಬರಿ ಬೀಜ ಹಳೆಯದಾಗಿದ್ದರೆ ಕಾಲುಭಾಗವೂ ಮೊಳೆಯದಿರಬಹುದು. ಮೊದಲು ಇಪ್ಪತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎರಡು ವಾರ ಪರೀಕ್ಷಿಸಿ ನೋಡಿ.

ಕೃಷಿ ಅಂಗಡಿಯ ಬೀಜ ಕೊಳ್ಳುವಾಗ ಬಣ್ಣ ಗಮನಿಸಿ. ಗುಲಾಬಿ, ನೀಲಿ, ಹಸಿರು ಬಣ್ಣ ಬಳಿದಿದ್ದರೆ ಅದಕ್ಕೆ ಥೈರಾಮ್‌ನಂಥ ಶಿಲೀಂಧ್ರನಾಶಕ ಲೇಪಿಸಿರುವ ಸಂಭವ ಹೆಚ್ಚು. ಹೊಲಕ್ಕೆ ಅದು ಸರಿ. ವಾರ ಹತ್ತು ದಿನಕ್ಕೇ ಕಿತ್ತು ಹಸಿಯಾಗಿ ತಿನ್ನುವ ಎಳೆ ಮೊಳಕೆಗೆ ಸಲ್ಲದು. ಲೇಪನವಿಲ್ಲದ ಬೀಜವನ್ನೇ ಕೇಳಿ ತನ್ನಿ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸೊಪ್ಪಿನಲ್ಲೂ ಒಳ್ಳೆಯ ತಳಿ ಕೊಟ್ಟಿದೆ. ಪಾಲಕ್‌ನಲ್ಲಿ ಅರ್ಕಾ ಅನುಪಮಾ, ದಂಟಿನಲ್ಲಿ ಹಲವು ಬಾರಿ ಕೊಯ್ಯಬಹುದಾದ ಅರ್ಕಾ ಸುಗುಣ, ಕೊತ್ತಂಬರಿಯಲ್ಲಿ ಕೊಯ್ದಂತೆ ಚಿಗುರುವ ಅರ್ಕಾ ಇಶಾ. ಅಂಗಡಿಯ ಹೆಸರಿಲ್ಲದ ಬೀಜಕ್ಕಿಂತ ಇವು ನಂಬಿಗಸ್ತ. ಧಾರವಾಡದ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಮೇಳಗಳು, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ, ಇಲ್ಲೆಲ್ಲ ಬೀಜದ ಮಳಿಗೆಗಳಿರುತ್ತವೆ. ಹೋದಾಗ ವರ್ಷಕ್ಕಾಗುವಷ್ಟು ತಂದಿಟ್ಟುಕೊಳ್ಳಿ.

4. ಆಳ ಬೇಡ, ಅಗಲ ಬೇಕು

ಸೊಪ್ಪಿನ ಬೇರು ಹೆಚ್ಚು ಆಳಕ್ಕೆ ಇಳಿಯುವ ಮೊದಲೇ ನಾವು ಕೊಯ್ದಿರುತ್ತೇವೆ. ಆರು ಇಂಚು ಆಳ ಧಾರಾಳ. ಎಳೆ ಎಲೆಗಷ್ಟೇ ಆದರೆ ನಾಲ್ಕು ಇಂಚೂ ನಡೆದೀತು. ಹಣ್ಣಿನ ಕ್ರೇಟು, ಮೀನಿನಂಗಡಿಯ ಥರ್ಮೊಕೋಲ್ ಪೆಟ್ಟಿಗೆ, ಒಡೆದ ಟಬ್ಬು ಯಾವುದಾದರೂ ಆದೀತು, ತಳದಲ್ಲಿ ತೂತು ಇರಬೇಕು ಅಷ್ಟೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಆರು ಇಂಚು ಆಳದ ಟ್ರೇ ಎಂದರೆ ಒಂದು ಘನ ಅಡಿ, ಅಂದರೆ 28 ಲೀಟರ್ ಮಣ್ಣು. ನೀರುಂಡಾಗ 30 ಕೆಜಿ ಹತ್ತಿರ ತೂಗಬಹುದು. ಬಾಲ್ಕನಿಯ ಕಂಬಿಗೆ ನೇತುಹಾಕುವ ಯೋಚನೆ ಇದ್ದರೆ ಮೊದಲು ಈ ತೂಕ ನೆನೆಯಿರಿ.

5. ಹಸಿ ತಿನ್ನುವುದಕ್ಕೆ ಹಸಿ ಗೊಬ್ಬರ ಹಾಕಬೇಡಿ

ಕೆಂಪು ಮಣ್ಣು, ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಹುಳು ಗೊಬ್ಬರ, ತೆಂಗಿನ ನಾರಿನ ಪುಡಿ ಮೂರೂ ಸಮಪಾಲು. ನಾರಿನ ಪುಡಿಯನ್ನು, ಅಂದರೆ ಕೋಕೋಪೀಟನ್ನು, ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಮಣ್ಣಿನ ಮಾತು ಇಷ್ಟೇ.

ಆದರೆ ಗೊಬ್ಬರದ ಬಗ್ಗೆ ಒಂದು ಖಡಾಖಂಡಿತ ಮಾತಿದೆ. ಹಸಿ ಸಗಣಿ, ಸಗಣಿ ನೀರು, ಜೀವಾಮೃತ, ಗಂಜಲ, ಇವು ಹೊಲದಲ್ಲಿ ಎಷ್ಟೇ ಹೆಸರು ಗಳಿಸಿರಲಿ, ಬೇಯಿಸದೆ ತಿನ್ನುವ ಎಲೆಯ ಹತ್ತಿರ ಸುಳಿಯಬಾರದು. ಸಗಣಿಯಲ್ಲಿ ಇ ಕೋಲೈನಂಥ ರೋಗಾಣುಗಳಿರಬಹುದು. ಎಳೆ ಎಲೆ ನೆಲಕ್ಕೆ ಅಂಟಿಕೊಂಡೇ ಬೆಳೆಯುತ್ತದೆ, ಒಲೆಯ ಬಿಸಿ ಕಾಣುವುದಿಲ್ಲ. ಅಮೆರಿಕದ ಸಾವಯವ ಕೃಷಿ ನಿಯಮದ ಪ್ರಕಾರ ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರ ಹಾಕಿದರೆ ಕೊಯ್ಲಿಗೆ ಮುಂಚೆ 120 ದಿನ ಕಳೆದಿರಲೇಬೇಕು. ನಮ್ಮ ಸೊಪ್ಪಿನ ಆಯುಷ್ಯವೇ 40 ದಿನ. ಲೆಕ್ಕ ನೀವೇ ಹಾಕಿ. ಪಾತ್ರೆ ತೊಳೆದ ನೀರನ್ನೂ ಈ ಟ್ರೇಗೆ ಹಾಕಬೇಡಿ. ಅದು ಬಾಳೆಗೋ ನುಗ್ಗೆಗೋ ಹೋಗಲಿ.

6. ಲೆಟಿಸ್ ಬೀಜವನ್ನು ಹೂಳಬೇಡಿ

ಲೆಟಿಸ್ ಮೊಳೆಯಲಿಲ್ಲ ಎಂಬ ದೂರು ಎಲ್ಲ ಕಡೆಯೂ ಕೇಳುತ್ತದೆ. ಬೀಜ ಕೆಟ್ಟದ್ದೆಂದು ಅಂಗಡಿಯವನನ್ನು ಬೈಯುವ ಮೊದಲು ಎರಡು ವಿಷಯ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲನೆಯದು ಬೆಳಕು. ಲೆಟಿಸ್‌ನ ಬಹಳ ತಳಿಗಳ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ ಹಾರಿ ಬಾರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಲೆಟಿಸ್ ತಳಿಯ ಬೀಜಗಳ ಮೇಲೆ ಕೆಂಪು ಬೆಳಕನ್ನೂ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ದೂರ ಕೆಂಪು ಬೆಳಕನ್ನೂ ಒಂದರ ಹಿಂದೊಂದರಂತೆ ಬಿಟ್ಟು ನೋಡಿದರು. ಕೊನೆಗೆ ಬಿದ್ದದ್ದು ಕೆಂಪಾದರೆ ಬೀಜ ಮೊಳೆಯಿತು. ದೂರ ಕೆಂಪಾದರೆ ಮಲಗಿಯೇ ಇತ್ತು. ಎಷ್ಟು ಸಲ ಬದಲಿಸಿದರೂ ಕೊನೆಯ ಬೆಳಕಿನದೇ ತೀರ್ಮಾನ. 1952ರಲ್ಲಿ ಪ್ರಕಟವಾದ ಈ ಪ್ರಯೋಗವೇ ಮುಂದೆ ಫೈಟೋಕ್ರೋಮ್ ಎಂಬ ಬೆಳಕು ಗ್ರಹಿಸುವ ವರ್ಣದ್ರವ್ಯದ ಶೋಧಕ್ಕೆ ದಾರಿ ಮಾಡಿತು. ದೊಡ್ಡ ಗಿಡಗಳ ಎಲೆಯಡಿ ತಲುಪುವ ಬೆಳಕಿನಲ್ಲಿ ದೂರ ಕೆಂಪಿನ ಪಾಲು ಹೆಚ್ಚು. ನೆರಳಿನಲ್ಲಿ ಬಿದ್ದ ಬೀಜ ಅದನ್ನು ಗುರುತಿಸಿ ಸುಮ್ಮನಿರುತ್ತದೆ. ಇಷ್ಟು ಪುಟ್ಟ ಬೀಜಕ್ಕೆ ಮೇಲೆ ಜಾಗವಿದೆಯೋ ಇಲ್ಲವೋ ಎಂದು ತಿಳಿಯುವುದನ್ನು ನೆನೆದರೆ ನನಗೆ ಈಗಲೂ ಬೆರಗು. ನಮ್ಮ ಕೆಲಸಕ್ಕೆ ಬೇಕಾದ ಅರ್ಥ ಇಷ್ಟು: ಬೀಜವನ್ನು ಒದ್ದೆ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಮೇಲೆ ಕಾಣಿಸಿಯೂ ಕಾಣಿಸದಷ್ಟು ನಾರಿನ ಪುಡಿ ಚಿಮುಕಿಸಿ.

ಎರಡನೆಯದು ಬಿಸಿ. 15ರಿಂದ 20 ಡಿಗ್ರಿಯಲ್ಲಿ ಲೆಟಿಸ್ ಸುಖವಾಗಿ ಮೊಳೆಯುತ್ತದೆ. ಮಣ್ಣು 28–30 ಡಿಗ್ರಿ ಮುಟ್ಟಿತೆಂದರೆ ಹಲವು ತಳಿಗಳ ಬೀಜ ಜೀವಂತವಿದ್ದೂ ನಿದ್ದೆಗೆ ಜಾರುತ್ತದೆ. ತಾರಸಿಯ ಕಪ್ಪು ಗ್ರೋಬ್ಯಾಗ್ ಮಧ್ಯಾಹ್ನ ಆ ಮಟ್ಟವನ್ನು ಸಲೀಸಾಗಿ ದಾಟುತ್ತದೆ. ಪರಿಹಾರ ಸುಲಭ. ಬೀಜವನ್ನು ಒದ್ದೆ ಹತ್ತಿ ಬಟ್ಟೆಯಲ್ಲಿಟ್ಟು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿ ಎರಡು ಮೂರು ದಿನ ಇಡಿ, ಸಂಜೆ ಬಿತ್ತಿ, ಮೊಳೆಯುವ ತನಕ ಟ್ರೇಯನ್ನು ತಂಪಾದ ಬೆಳಕಿನ ಜಾಗದಲ್ಲಿ ಇಟ್ಟುಕೊಳ್ಳಿ.

7. ಉಳಿದ ಬೀಜಗಳ ಗುಣ ತಿಳಿಯಿರಿ

ಕೊತ್ತಂಬರಿ ಕಾಳು ಒಂದಲ್ಲ, ಎರಡು ಬೀಜದ ಜೋಡಿ. ಲಟ್ಟಣಿಗೆಯಿಂದ ಮೆತ್ತಗೆ ಒತ್ತಿ ಎರಡಾಗಿಸಿ, ರಾತ್ರಿಯಿಡೀ ನೆನೆಸಿ ಬಿತ್ತಿ. ನಮ್ಮ ಪಾಲಕ್ ಬೀಟ್‌ರೂಟಿನ ಜಾತಿಯದು. ಗಂಟಿನಂಥ ಒಂದೊಂದು ಬೀಜದಿಂದಲೂ ಎರಡು ಮೂರು ಸಸಿ ಏಳುತ್ತವೆ, ಆದ್ದರಿಂದ ವಿರಳವಾಗಿ ಬಿತ್ತಿ. ಅದಕ್ಕೂ ಒಂದು ರಾತ್ರಿಯ ನೆನೆ ಹಿತ. ದಂಟಿನ ಬೀಜ ಧೂಳಿನಷ್ಟು ಸಣ್ಣದು, ಹಿಡಿ ಮರಳಿಗೆ ಬೆರೆಸಿ ಉದುರಿಸಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ಮೆಂತ್ಯ ಎಲ್ಲಿ ಚೆಲ್ಲಿದರೂ ಬರುತ್ತದೆ. ಅರುಗುಲಾ, ಸಾಸಿವೆ ಕಾಲಿಂಚು ಮಣ್ಣಿನಡಿ ಸಾಕು.

8. ಕಡಿಮೆ ಬಿತ್ತಿ, ಮತ್ತೆ ಮತ್ತೆ ಬಿತ್ತಿ

ಒಂದು ಗ್ರಾಂ ಲೆಟಿಸ್ ಬೀಜದಲ್ಲಿ 800ಕ್ಕೂ ಹೆಚ್ಚು ಬೀಜಗಳಿರುತ್ತವೆ. ಇಡೀ ಪೊಟ್ಟಣ ಸುರಿದರೆ ಒಂದೇ ವಾರ ಮನೆ ತುಂಬ ಸೊಪ್ಪು, ಮುಂದಿನ ವಾರ ಬರಿ ಟ್ರೇ. ಮೊದಲೇ ಹೇಳಿದ ಎರಡು ಅಡಿಯ ಟ್ರೇಗೆ ಕಾಲು ಟೀ ಚಮಚ ಲೆಟಿಸ್, ಮೆಂತ್ಯವಾದರೆ ಎರಡು ದೊಡ್ಡ ಚಮಚ ಸಾಕು. ಅದನ್ನೂ ಅರ್ಧ ಟ್ರೇಗೆ ಈಗ, ಉಳಿದರ್ಧಕ್ಕೆ ಎರಡು ವಾರ ಬಿಟ್ಟು.

ಎರಡು ವಾರದ ಲೆಕ್ಕ ಇಡಲು ಮೊಬೈಲ್‌ನ ಅಲಾರಂ ಬೇಡ, ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ಇದೆಯಲ್ಲ. ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಬಿತ್ತಿ. ಚಂದ್ರನಿಂದ ಸೊಪ್ಪು ಹೆಚ್ಚು ಬರುತ್ತದೆಂದು ನಾನು ಹೇಳುತ್ತಿಲ್ಲ. ಹದಿನೈದು ದಿನದ ಅಂತರ ಮರೆಯದಿರಲು ಇದಕ್ಕಿಂತ ಸುಲಭದ ಗುರುತು ನಮ್ಮ ಮನೆಗಳಲ್ಲಿ ಇನ್ನೊಂದಿಲ್ಲ. ಮೂರು ಟ್ರೇ ಇದ್ದು ಹೀಗೆ ಸರದಿಯಲ್ಲಿ ಬಿತ್ತಿದರೆ ನಾಲ್ಕು ಜನರ ಮನೆಗೆ ವಾರಕ್ಕೆ ಎರಡು ಮೂರು ಬಾರಿ ಹಸಿ ಸೊಪ್ಪು ಸಿಗುತ್ತದೆ.

9. ಇರುವೆಗೆ ಮುಂಚೆ ನೀವು ಎಚ್ಚರಾಗಿ

ಬಿತ್ತಿದ ರಾತ್ರಿಯೇ ದಂಟಿನ ಬೀಜ, ಲೆಟಿಸ್ ಬೀಜಗಳನ್ನು ಇರುವೆ ಸಾಲು ಹಿಡಿದು ಹೊತ್ತೊಯ್ಯುತ್ತದೆ. ಮೊಳಕೆ ಬಾರದ ಟ್ರೇಗಳಲ್ಲಿ ಎಷ್ಟೋ ಪಾಲು ಇರುವೆಯ ಕೈವಾಡ. ಟ್ರೇಯ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸಿ, ಇಲ್ಲವೇ ಅಂಚಿಗೆ ಅರಿಶಿನದ ಪುಡಿ ಉದುರಿಸಿ. ಪಾರಿವಾಳ, ಗುಬ್ಬಿಗಳ ಕಾಟವಿದ್ದರೆ ಮೊದಲ ಹತ್ತು ದಿನ ಹಳೆಯ ಸೊಳ್ಳೆಪರದೆ ಹೊದಿಸಿ.

10. ಬೆಳಗ್ಗೆ ನೀರು, ಸಂಜೆ ಬೇಡ

ಎಳೆ ಸಸಿಗಳು ಬುಡದಲ್ಲಿ ದಾರದಂತೆ ಸಣಕಲಾಗಿ ರಾತ್ರೋರಾತ್ರಿ ಮಲಗಿಬಿಡುವುದು ಬುಡ ಕೊಳೆಯುವ ರೋಗ. ಮಣ್ಣಿನಲ್ಲಿರುವ ಪಿಥಿಯಂ, ರೈಜೋಕ್ಟೋನಿಯಾದಂಥ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ; ನಿಂತ ನೀರು, ಒತ್ತೊತ್ತಾದ ಸಸಿ, ಗಾಳಿಯಾಡದ ಮೂಲೆ ಅವಕ್ಕೆ ಹಬ್ಬ. ಬಿದ್ದ ಸಸಿಯನ್ನು ಎಬ್ಬಿಸುವ ಔಷಧಿ ಇಲ್ಲ, ತಡೆಯುವುದೊಂದೇ ದಾರಿ. ಬೆರಳಿನ ಮೊದಲ ಗಿಣ್ಣಿನಷ್ಟು ಆಳಕ್ಕೆ ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ನೀರು. ಬೆಳಗ್ಗೆ, ಸಣ್ಣ ತೂತಿನ ಝರಿ ಡಬ್ಬಿಯಿಂದ. ಮಗ್ಗಿನಿಂದ ಧಾರೆ ಸುರಿದರೆ ಬೀಜವೆಲ್ಲ ಒಂದು ಮೂಲೆ ಸೇರುತ್ತದೆ.

11. ಬಾಲ್ಕನಿ ಯಾವ ದಿಕ್ಕಿಗಿದೆ?

ಸೊಪ್ಪಿಗೆ ದಿನಕ್ಕೆ ನಾಲ್ಕೈದು ಗಂಟೆಯ ಬಿಸಿಲು ಸಾಕು, ಹಣ್ಣಿನ ಗಿಡದಷ್ಟು ಬೇಡ. ಅಪಾರ್ಟ್‌ಮೆಂಟಿನವರಿಗೆ ಇದು ಭಾಗ್ಯವೇ. ಆದರೆ ಬಿಸಿಲು ವರ್ಷವಿಡೀ ಒಂದೇ ಕಡೆಯಿಂದ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನಡುನೆತ್ತಿಗೆ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲದಾಗುತ್ತದೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ತುಸು ಉತ್ತರಕ್ಕೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಹಾಗಾಗಿ ಲೆಟಿಸ್‌ನ ಕಾಲವಾದ ಚಳಿಗಾಲದಲ್ಲಿ ದಕ್ಷಿಣದ ಬಾಲ್ಕನಿ ಬಂಗಾರ. ಉತ್ತರದ ಬಾಲ್ಕನಿಯವರು ಮೇ, ಜೂನ್, ಜುಲೈ ತಿಂಗಳುಗಳನ್ನು ದಂಟು, ಪಾಲಕ್‌ಗೆ ಬಳಸಿಕೊಳ್ಳಲಿ. ಪೂರ್ವದವರು ಪುಣ್ಯವಂತರು: ಬೆಳಗಿನ ಎಳೆ ಬಿಸಿಲು, ಮಧ್ಯಾಹ್ನದ ನೆರಳು, ಸೊಪ್ಪಿಗೆ ಬೇಕಾದದ್ದೇ ಅದು. ಬಯಲು ತಾರಸಿಯಾದರೆ ಫೆಬ್ರವರಿ ಮುಗಿಯುತ್ತಲೇ ಶೇ 50ರ ನೆರಳು ಬಲೆ ಕಟ್ಟಿ.

12. ಸುಳಿ ಉಳಿಸಿ ಕತ್ತರಿಸಿ

ಸೊಪ್ಪು ಗೇಣುದ್ದ ಆಗುವವರೆಗೆ ಕಾಯುವುದು ಸಾರಿನ ಸೊಪ್ಪಿನ ಅಭ್ಯಾಸ. ಹಸಿ ತಿನ್ನಲು ನಾಲ್ಕೈದು ಇಂಚಿಗೇ ಕತ್ತರಿ ಹಿಡಿಯಿರಿ. ಮಣ್ಣಿನಿಂದ ಎರಡು ಬೆರಳು ಮೇಲೆ, ನಡುವಿನ ಸುಳಿಗೆ ಪೆಟ್ಟಾಗದಂತೆ ಕತ್ತರಿಸಿದರೆ ಹತ್ತು ಹದಿನೈದು ದಿನದಲ್ಲಿ ಮತ್ತೆ ಚಿಗುರುತ್ತದೆ. ಲೆಟಿಸ್, ಅರುಗುಲಾ, ಸಾಸಿವೆ ಎರಡು ಮೂರು ಕೊಯ್ಲು ಕೊಡುತ್ತವೆ. ಪಾಲಕ್ ಇನ್ನೂ ಹೆಚ್ಚು. ಮೂಲಂಗಿ ಸೊಪ್ಪಿನಿಂದ ಮರುಚಿಗುರು ನಿರೀಕ್ಷಿಸಬೇಡಿ, ಬೇರು ಸಹಿತ ಕಿತ್ತು ಆ ಜಾಗಕ್ಕೆ ಹೊಸ ಬೀಜ ಹಾಕಿ. ಮೆಂತ್ಯವೂ ಬಹುಪಾಲು ಹಾಗೆಯೇ.

ಗುಂಡಗೆ ಗಡ್ಡೆ ಕಟ್ಟುವ ಲೆಟಿಸ್ ನಮ್ಮ ಹವೆಗೆ ಹಟಮಾರಿ. ಬಿಡಿ ಎಲೆಯ ತಳಿಗಳನ್ನೇ ಆರಿಸಿ. ಹೊರಗಿನ ಎಲೆಗಳನ್ನು ಒಂದೊಂದಾಗಿ ಕೀಳುತ್ತಾ ಹೋದರೆ ಒಂದೇ ಗಿಡ ತಿಂಗಳುಗಟ್ಟಲೆ ಉಣಿಸುತ್ತದೆ.

ದಟ್ಟವಾಗಿ ಎದ್ದ ಸಸಿಗಳನ್ನು ತೆಳುವು ಮಾಡಲು ಮನಸ್ಸು ಬಾರದವರಿಗೆ ಒಂದು ಮಾತು: ಕಿತ್ತದ್ದು ವ್ಯರ್ಥವಲ್ಲ, ಅದೇ ಮೊದಲ ಕೊಯ್ಲು. ಬೀಜದೆಲೆಯ ಜೊತೆ ಒಂದು ಜೊತೆ ನಿಜ ಎಲೆ ಬಂದ ಸಾಸಿವೆ ಸಸಿಯ ಖಾರ ದೊಡ್ಡ ಎಲೆಗೂ ಇಲ್ಲ. ಪ್ರತಿ ಕೊಯ್ಲಿನ ಮೇಲೆ ಸಾಲಿನ ನಡುವೆ ಒಂದು ಹಿಡಿ ಎರೆಹುಳು ಗೊಬ್ಬರ ಉದುರಿಸಿ ನೀರು ಹಾಕಿ.

13. ಕಹಿಯಾಗುವ ಮುನ್ನ ಬಿಟ್ಟುಕೊಡಿ

ಬಿಸಿ ಏರಿ, ಹಗಲು ಉದ್ದವಾದಾಗ ಲೆಟಿಸ್ ನಡುವಿನಿಂದ ದಂಟು ಎಬ್ಬಿಸಿ ಹೂವಿಗೆ ಹೊರಡುತ್ತದೆ. ಮುರಿದರೆ ಬರುವ ಬಿಳಿ ಹಾಲಿನಲ್ಲಿ ಲ್ಯಾಕ್ಟುಸಿನ್ ಎಂಬ ಕಹಿ ವಸ್ತುವಿದೆ, ಆ ಹೊತ್ತಿಗೆ ಎಲೆಯ ಕಹಿಯೂ ಏರುತ್ತದೆ. ದಂಟು ಕತ್ತರಿಸಿದರೆ ಸರಿಹೋದೀತೆಂಬ ಆಸೆ ಬೇಡ. ಒಂದೆರಡು ಗಿಡ ಬೀಜಕ್ಕೆ ಬಿಟ್ಟು ಉಳಿದದ್ದನ್ನು ಕಿತ್ತು ಕಾಂಪೋಸ್ಟ್‌ಗೆ ಹಾಕಿ. ಅರುಗುಲಾ, ಸಾಸಿವೆಗಳು ಹೂಬಿಟ್ಟರೆ ಬೇಸರ ಬೇಡ, ಆ ಹೂಗಳನ್ನೂ ಬಟ್ಟಲಿಗೆ ಹಾಕಬಹುದು.

14. ಹುಳಕ್ಕೆ ಕಣ್ಣೇ ಔಷಧಿ

ಎಲೆಯ ಮೇಲೆ ಬಿಳಿ ಗೆರೆಗಳ ಚಿತ್ತಾರ ಕಂಡರೆ ರಂಗೋಲಿ ಹುಳು; ಆ ಎಲೆ ಕಿತ್ತು ಹೊಸಕಿ ಹಾಕಿ. ಸುಳಿಯಲ್ಲಿ ಹೇನು ಕೂತಿದ್ದರೆ ಎಲೆಯ ಅಡಿಗೆ ನೀರಿನ ಚಿಲುಮೆ ಹೊಡೆಯಿರಿ. ಅರುಗುಲಾದಲ್ಲಿ ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಹಾರುವ ಸಣ್ಣ ಜೀರುಂಡೆಯ ಕೆಲಸ. ರುಚಿಗೆ ಕುಂದಿಲ್ಲ, ತಿನ್ನಿ; ಮುಂದಿನ ಬಾರಿ ಬಿತ್ತಿದ ದಿನವೇ ಪರದೆ ಹೊದಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಸವನಹುಳು ಒಂದೇ ರಾತ್ರಿಗೆ ಟ್ರೇ ಬರಿದು ಮಾಡುತ್ತದೆ, ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ಉಪಾಯ. ಬೇವಿನೆಣ್ಣೆ ಸಿಂಪಡಿಸಲೇಬೇಕಾಗಿ ಬಂದರೆ ಆಮೇಲೆ ಒಂದು ವಾರ ಕೊಯ್ಯಬೇಡಿ. ಮೂವತ್ತು ದಿನದ ಬೆಳೆಗೆ ರಾಸಾಯನಿಕ ಕೀಟನಾಶಕವಂತೂ ಬೇಡವೇ ಬೇಡ.

15. ಬಟ್ಟಲಿನ ಹದ

ಬೆಳಗ್ಗೆ ಬಿಸಿಲೇರುವ ಮೊದಲು ಕೊಯ್ಯಿರಿ, ಆಗ ಎಲೆಯಲ್ಲಿ ನೀರು ತುಂಬಿರುತ್ತದೆ. ಮೂರು ನೀರಿನಲ್ಲಿ ತೊಳೆದು, ಹತ್ತಿ ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಿಸಿ. ಒದ್ದೆ ಎಲೆಗೆ ಎಣ್ಣೆಯೂ ಹತ್ತದು, ಪುಡಿಯೂ ಹತ್ತದು. ಉಳಿದದ್ದನ್ನು ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ನಾಲ್ಕೈದು ದಿನ ಬರುತ್ತದೆ.

ನನ್ನ ಲೆಕ್ಕದಲ್ಲಿ ಅರ್ಧ ಬಟ್ಟಲು ಸಪ್ಪೆ ಎಲೆ, ಅಂದರೆ ಲೆಟಿಸ್, ಎಳೆ ಪಾಲಕ್, ಕೆಂಪು ದಂಟಿನ ಚಿಗುರು. ಕಾಲುಭಾಗ ಖಾರದ ಸಾಸಿವೆ, ಅರುಗುಲಾ, ಮೂಲಂಗಿ. ಉಳಿದ ಕಾಲುಭಾಗದಲ್ಲಿ ಕಹಿಗೆ ಎಳೆ ಮೆಂತ್ಯ, ಪರಿಮಳಕ್ಕೆ ಸಬ್ಬಸಿಗೆ, ಕೊತ್ತಂಬರಿ, ಹುಳಿಗೆ ನಾಲ್ಕು ಎಸಳು ಗೋಣಿ ಸೊಪ್ಪು. ಇದಕ್ಕೆ ಬಾಟಲಿಯ ಪರದೇಶಿ ಸಾಸು ಹುಡುಕುವ ಅಗತ್ಯವಿಲ್ಲ. ಧಾರವಾಡ, ವಿಜಯಪುರದ ಕಡೆಯ ಪಚಡಿಯ ಹಾಗೆ ಹೆಚ್ಚಿದ ಉಳ್ಳಾಗಡ್ಡಿ, ಗುರೆಳ್ಳು ಪುಡಿ ಅಥವಾ ಶೇಂಗಾ ಪುಡಿ, ಎರಡು ಚಮಚ ಹಸಿ ಎಣ್ಣೆ, ಉಪ್ಪು, ನಿಂಬೆಹಣ್ಣು. ಹಳೆ ಮೈಸೂರಿನವರಿಗೆ ನೆನೆಸಿದ ಹೆಸರುಬೇಳೆ, ಕಾಯಿತುರಿ, ಇಂಗಿನ ಒಗ್ಗರಣೆ ಹಾಕಿದ ಕೋಸಂಬರಿಯ ದಾರಿ ಇದೆ. ಎರಡರಲ್ಲೂ ಉಪ್ಪು ಕೊನೆಗೆ, ಬಡಿಸುವ ಹೊತ್ತಿಗೇ. ಮೊದಲೇ ಹಾಕಿದರೆ ಎಲೆ ನೀರು ಬಿಟ್ಟು ಮೆತ್ತಗಾಗುತ್ತದೆ.

ಪಾಲಕ್, ದಂಟಿನಲ್ಲಿ ಆಕ್ಸಲೇಟ್ ಹೆಚ್ಚು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಇವೆರಡನ್ನು ಹಸಿಯಾಗಿ ಹೆಚ್ಚು ತಿನ್ನದಿರುವುದು ಲೇಸು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸುವ ಮೊದಲು ವೈದ್ಯರನ್ನು ಕೇಳಿ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಆ ಔಷಧಿಯ ಕೆಲಸಕ್ಕೆ ಅಡ್ಡ ಬರುತ್ತದೆ.

ಬೀಜಕ್ಕೆ ಬಿಟ್ಟ ಲೆಟಿಸ್ ಗಿಡದ ಹೂ ಒಣಗಿ ಬಿಳಿ ನವಿರು ಮೂಡಿದಾಗ ಗೊಂಚಲು ಕತ್ತರಿಸಿ ಕಾಗದದ ಚೀಲದೊಳಗೆ ಉದುರಿಸಿಕೊಳ್ಳಿ. ಲೆಟಿಸ್ ಮತ್ತು ಮೆಂತ್ಯ ತಮ್ಮ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ತಾಯಿಗಿಡದ ಗುಣವೇ ಮುಂದುವರಿಯುತ್ತದೆ. ಪಾಲಕ್, ದಂಟುಗಳ ಪರಾಗ ಗಾಳಿಯಲ್ಲಿ ಹಾರಿ ಬೆರಕೆಯಾಗುವುದರಿಂದ ಹತ್ತಿರದಲ್ಲಿ ಬೇರೆ ತಳಿ ಇದ್ದರೆ ಅವುಗಳ ಬೀಜ ಕೊಂಡು ತರುವುದೇ ಮೇಲು. ಒಣಗಿದ ಬೀಜವನ್ನು ಹೆಸರು, ತಿಂಗಳು ಬರೆದ ಲಕೋಟೆಯಲ್ಲಿಟ್ಟು, ಬಿಗಿ ಮುಚ್ಚಳದ ಬಾಟಲಿಯಲ್ಲಿ ಫ್ರಿಜ್‌ಗೆ ಸೇರಿಸಿ. ಲೆಟಿಸ್ ಬೀಜ ಹೀಗೆ ಎರಡು ಮೂರು ವರ್ಷ ಚೆನ್ನಾಗಿ ಉಳಿಯುತ್ತದೆ.

ಲೆಟಿಸ್ ಬೀಜ ಸಿಗಲಿ, ಒಳ್ಳೆ ಕುಂಡ ಬರಲಿ ಎಂದು ಕಾಯುತ್ತಾ ಕೂರಬೇಡಿ. ಇವತ್ತು ರಾತ್ರಿ ಎರಡು ಚಮಚ ಮೆಂತ್ಯ ನೆನೆಸಿ, ನಾಳೆ ಬೆಳಗ್ಗೆ ತೂತು ಮಾಡಿದ ಯಾವುದಾದರೂ ಡಬ್ಬಿಯಲ್ಲಿ ಬಿತ್ತಿ. ಸಾಸಿವೆಗೆ ಇನ್ನೊಂದು ಡಬ್ಬಿ ಹುಡುಕಿ.